ಶಿರಾಲಿಗೆ ಹೋದ ಬಾಣಂತಿ ಔಷಧ

ಅರಿಷ್ಟ ಹುದುಗುವಾಗ ಜಾಡಿಗೆ ಕಿವಿಯಿಟ್ಟರೆ ಒಳಗೆ ಸಣ್ಣದಾಗಿ ಸುಯ್ಯೆನ್ನುವುದು ಕೇಳುತ್ತದೆ. ಆ ಸದ್ದು ಪೂರ್ತಿ ನಿಂತ ಮೇಲೆಯೇ ಬಾಯಿ ಬಿಚ್ಚಬೇಕು. ಬಿಚ್ಚಿದ ಮೇಲೂ ಹೊತ್ತಿಸಿದ ಬತ್ತಿಯೊಂದನ್ನು ಜಾಡಿಯ ಕುತ್ತಿಗೆಯೊಳಗೆ ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಇನ್ನೂ ಹುದುಗುತ್ತಿದೆ ಎಂದು ಅರ್ಥ, ಉರಿದರೆ ಔಷಧ ಆಗಿದೆ. ಇದನ್ನು ನನಗೆ ಕಲಿಸಿದವರು ನನ್ನ ಮಾವ. ಕುಮಟೆಯಲ್ಲಿ ಅವರನ್ನು ಎಲ್ಲರೂ ಪಂಡಿತರು ಎನ್ನುತ್ತಿದ್ದರು. ಅವರ ಮಗ, ಅಂದರೆ ನನ್ನ ಗಂಡ, ಹತ್ತಿರದ ಬಾಡ ಎಂಬ ಊರಿನ ಶಾಲೆಯಲ್ಲಿ ಮಾಸ್ತರಾಗಿದ್ದರು. ಕಷಾಯದ ವಾಸನೆಗೇ ಅವರಿಗೆ ತಲೆನೋವು ಬರುತ್ತಿತ್ತು. ಹಾಗಾಗಿ ಮನೆಯ ಹಿಂದಿನ ಔಷಧದ ಕೊಟ್ಟಿಗೆ ನಿಧಾನವಾಗಿ ನನ್ನ ಕೈಗೆ ಬಂತು.

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ಕೆಲವು ವರ್ಷಗಳಾಗಿದ್ದವು. ಮುಂಬಯಿಯವರ ದಾರೂಬಂದಿ ಮಾತ್ರ ಇಲ್ಲಿ ಹಾಗೇ ಉಳಿದಿತ್ತು. ಹೆಂಡ, ಸಾರಾಯಿ ಯಾವುದೂ ಬಹಿರಂಗವಾಗಿ ಸಿಗುತ್ತಿರಲಿಲ್ಲ. ಇಂಗ್ಲಿಷ್ ಡಾಕ್ಟರರ ಕಂಪೌಂಡರು ಸ್ಪಿರಿಟ್ಟಿನಲ್ಲಿ ಬೇರು ತೊಗಟೆ ನೆನೆಸಿ ಟಿಂಚರ್ ಮಾಡಬೇಕೆಂದರೆ ಪರವಾನಗಿ ಬೇಕಿತ್ತು. ನಮ್ಮದಕ್ಕೆ ಹೊರಗಿನ ಸ್ಪಿರಿಟ್ ಬೇಕಾಗಿಲ್ಲ. ಬೆಲ್ಲವೂ ಧಾತಕಿ ಹೂವೂ ಸೇರಿ ಜಾಡಿಯೊಳಗೆ ತಾವೇ ಸಾರ ಹುಟ್ಟಿಸುತ್ತವೆ. ಆ ಸಾರವೇ ಬೇರಿನ ಗುಣವನ್ನು ಹಿಡಿದಿಟ್ಟುಕೊಂಡು ವರ್ಷಗಟ್ಟಲೆ ಕೆಡದಂತೆ ಕಾಯುತ್ತದೆ. ಹಳ್ಳಿಯವರು ಇದನ್ನು ದೇಶಿ ಟಿಂಚರ್ ಎನ್ನುತ್ತಿದ್ದರು. ಮಾವನಿಗೆ ಆ ಹೆಸರು ಕೇಳಿದರೆ ಸಿಟ್ಟು.

ನಾವು ಹೆಚ್ಚಾಗಿ ಮಾಡುತ್ತಿದ್ದುದು ದಶಮೂಲಾರಿಷ್ಟ. ಹೆರಿಗೆಯಾದ ಹೆಂಗಸಿಗೆ ಮೈನೋವು ಇಳಿದು, ಹಸಿವು ಹುಟ್ಟಿ, ಎದೆಹಾಲು ಬರಲಿ ಎಂದು ಕೊಡುವ ಔಷಧ. ಗೇರುಸೊಪ್ಪೆಯ ಕಡೆಯ ಕಾಡಿನಿಂದ ಒಬ್ಬಾತ ಬೇರು ತಂದು ಹಾಕುತ್ತಿದ್ದ. ಬಿಲ್ವ, ಶಿವಣೆ, ನೆಲಗುಳ್ಳ, ನೆಗ್ಗಿಲು ಎಲ್ಲ ಸೇರಿ ಹತ್ತು ಬಗೆ. ಮಣ್ಣು ಹೋಗುವಂತೆ ತೊಳೆದು, ಜಜ್ಜಿ, ನೀರಲ್ಲಿ ನೆನೆಹಾಕಿ, ಕಲಾಯಿ ಮಾಡಿದ ಹಂಡೆಯಲ್ಲಿ ಕಾಲು ಭಾಗ ಉಳಿಯುವ ತನಕ ಕುದಿಸಬೇಕು. ಸೋಸಿದ ಕಷಾಯ ಪೂರ್ತಿ ತಣಿದ ಮೇಲೆ ಬೆಲ್ಲ, ದ್ರಾಕ್ಷಿ, ಜೇನು, ಹಿಪ್ಪಲಿಯ ಪುಡಿ, ಧಾತಕಿ ಹೂವು. ಬಿಸಿ ಇರುವಾಗಲೇ ಹಾಕಿದರೆ ಹುದುಗುವುದೇ ಇಲ್ಲ. ಒಳಗೆಲ್ಲ ತುಪ್ಪ ಸವರಿದ ಜಾಡಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಮಣ್ಣು ಮೆತ್ತಿ, ಭತ್ತದ ಹೊಟ್ಟಿನ ರಾಶಿಯಲ್ಲಿ ಹುಗಿದಿಡಬೇಕು. ಗಾಳಿ ಸೇರಿತೋ, ಇಡೀ ಜಾಡಿ ಹುಳಿ. ಹುಳಿ ಬರಿಸದೆ ಇಳಿಸುವುದರಲ್ಲೇ ಕೈಗುಣ ಗೊತ್ತಾಗುವುದು. ನನ್ನ ಕೈಯಲ್ಲಿ ಹುಳಿಯಾದ ಜಾಡಿ ಬಹಳ ಕಡಿಮೆ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು.

ಶಿರಾಲಿ ನನ್ನ ತವರು. ಅಲ್ಲಿಯ ಅಂಗಡಿಯವರೊಬ್ಬರು ದಿನಸಿ ಕೊಳ್ಳಲು ಕುಮಟೆಗೆ ಬಂದಾಗಲೆಲ್ಲ ನಮ್ಮಿಂದ ಅರಿಷ್ಟದ ಬಾಟಲಿ ಒಯ್ಯುತ್ತಿದ್ದರು. ಮೊದಲು ಚೀಲದಲ್ಲಿ ಒಯ್ಯುತ್ತಿದ್ದವರು ಆಮೇಲೆ ಪೆಟ್ಟಿಗೆಯಲ್ಲಿ ಒಯ್ಯತೊಡಗಿದರು. ನನ್ನ ಊರಿನವರು ನನ್ನ ಕೈಯ ಔಷಧವನ್ನು ನೆಚ್ಚಿದ್ದಾರೆ ಎಂದು ನಾನು ಹಿಗ್ಗಿದೆ. ಮಾವ ಒಮ್ಮೆ ಮಾತ್ರ ನಕ್ಕು ಕೇಳಿದರು, "ಶಿರಾಲಿಯಲ್ಲಿ ಇಷ್ಟೆಲ್ಲ ಬಾಣಂತ್ಯರು ಇದ್ರಾ ತಂಗಿ?" ನಾನೂ ನಕ್ಕೆ.

ಒಂದು ಚಳಿಗಾಲದಲ್ಲಿ ಅಂಗಡಿಯವರು ಬಂದವರು ಜಗಲಿಯಲ್ಲಿ ಕೂತು, "ಹೋದ ಸಲದ್ದು ಸ್ವಲ್ಪ ಸಪ್ಪೆ ಆಗಿತ್ತು ಅಕ್ಕ. ಇನ್ನೊಂಚೂರು ಖಡಕ್ ಬರ್ಲಿ" ಎಂದರು.

ಸಪ್ಪೆ ಎಂಬ ಮಾತು ನನ್ನನ್ನು ಚುಚ್ಚಿತು. ಚಳಿಗಾಲದಲ್ಲಿ ಹುದುಗು ನಿಧಾನ, ಅದಕ್ಕೇ ಹಾಗಾಗಿರಬೇಕು ಎಂದುಕೊಂಡೆ. ಮುಂದಿನ ಸಲ ಹಳೆಯ ಜಾಡಿಯ ತಳದ ಗಸಿಯನ್ನು ಹೊಸದಕ್ಕೆ ಸೇರಿಸಿದೆ. ಬೆಲ್ಲವನ್ನು ಒಮ್ಮೆಲೇ ಹಾಕದೆ, ಅರ್ಧ ಮೊದಲು, ಹುದುಗು ಜೋರಾದ ಮೇಲೆ ಬಾಯಿ ಬಿಚ್ಚಿ ಇನ್ನರ್ಧ ಹಾಕಿ, ಗಾಳಿ ಸೇರುವ ಮೊದಲೇ ಮತ್ತೆ ಮಣ್ಣು ಮೆತ್ತಿದೆ. ಒಂದು ಜಾಡಿ ಒತ್ತಡ ತಾಳದೆ ಒಡೆದು ಹೊಟ್ಟಿನ ರಾಶಿಯೆಲ್ಲ ತೊಯ್ದುಹೋಯಿತು. ಉಳಿದವು ಚೆನ್ನಾಗಿ ಬಂದವು. ಬತ್ತಿ ನಿಶ್ಚಲವಾಗಿ ಉರಿಯಿತು. ನಾಲಿಗೆಗೆ ಮುಟ್ಟಿಸಿದರೆ ಗಂಟಲ ತನಕ ಬಿಸಿ ಇಳಿಯುತ್ತಿತ್ತು. ಮಾವ ಒಂದು ಹನಿ ನೆಕ್ಕಿ ಹುಬ್ಬು ಏರಿಸಿದರು. ಅದನ್ನು ನಾನು ಮೆಚ್ಚುಗೆ ಎಂದೇ ತಿಳಿದೆ.

ಹೀಗಿರುವಾಗ ಶಿರಾಲಿಯಲ್ಲಿ ತಮ್ಮನ ಹೆಂಡತಿಗೆ ಎರಡನೆಯ ಹೆರಿಗೆಯಾಯಿತು. ಅವಳಿಗೆ ತಾಯಿ ಇರಲಿಲ್ಲ. ಬಾಣಂತನ ಗಂಡನ ಮನೆಯಲ್ಲೇ ಆಗಬೇಕಿತ್ತು. ಅಮ್ಮ ಒಬ್ಬಳಿಗೇ ಆಗದೆಂದು ನನ್ನನ್ನು ಕರೆಸಿದಳು. ನಾನು ಟ್ರಂಕಿನಲ್ಲಿ ಸೀರೆಗಳ ನಡುವೆ ಅರಿಷ್ಟದ ಬಾಟಲಿಗಳನ್ನಿಟ್ಟುಕೊಂಡು ಹೊರಟೆ.

ಹೊನ್ನಾವರದಲ್ಲಿ ಬಸ್ಸಿಳಿದು ಶರಾವತಿ ದಾಟಲು ಲಾಂಚು ಹತ್ತಬೇಕು. ಲಾಂಚು ನಿಲ್ಲುವ ಧಕ್ಕೆಯಲ್ಲಿ ದಾರೂಬಂದಿಯ ಹವಾಲ್ದಾರ ಸಾಮಾನುಗಳನ್ನು ತೆಗೆಸಿ ನೋಡುತ್ತಿದ್ದ. ನನ್ನ ಟ್ರಂಕು ತೆಗೆದಾಗ ಬಾಟಲಿಯೊಂದರ ಬೂಚು ಸಡಿಲಾಗಿ ವಾಸನೆ ಗಮ್ಮೆಂದು ಬಂತು.

"ಇದೆಂತ?"

"ಬಾಣಂತಿ ಔಷಧ."

"ಎಲ್ಲರೂ ಹಾಗೇ ಹೇಳುದು" ಎಂದ. ಹಿಂದೆ ನಿಂತ ಗಂಡಸರು ಕಿಸಕ್ಕನೆ ನಕ್ಕರು. ಬಾಟಲಿಯ ಮೇಲಿನ ಚೀಟಿ ತೋರಿಸಿ, ಪಂಡಿತರ ಸೊಸೆ ನಾನು ಎಂದು ಗಟ್ಟಿಯಾಗಿಯೇ ಹೇಳಿದೆ. ಅವನು ಚೀಟಿ ಓದುವ ಗೋಜಿಗೆ ಹೋಗಲಿಲ್ಲ. "ಈ ಬಾಟ್ಲಿ ನಂಗೆ ಚಲೋ ಗೊತ್ತದೆ. ಹೋಗಿ, ಹೋಗಿ" ಎಂದು ಟ್ರಂಕು ಮುಚ್ಚಿದ. ನನ್ನ ಸೀರೆಗಳಿಗೆಲ್ಲ ಆ ವಾಸನೆ ಹಿಡಿದಿತ್ತು. ಆಚೆ ದಡದಲ್ಲಿ ಭಟ್ಕಳದ ಬಸ್ಸು ಹತ್ತಿದಾಗ ಪಕ್ಕದಲ್ಲಿ ಕೂತಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದು ಕಿಟಕಿಯ ಕಡೆ ಸರಿದಳು. ನಾನು ಮಾಡದ ತಪ್ಪಿಗೆ ಅವಮಾನವಾಯಿತಲ್ಲ ಎಂದು ಶಿರಾಲಿ ಬರುವ ತನಕ ಕುದಿಯುತ್ತಿದ್ದೆ.

ತಮ್ಮನ ಹೆಂಡತಿ ಬಿಳಿಚಿಕೊಂಡಿದ್ದಳು. ಎದ್ದು ಕೂತರೆ ಸೊಂಟ ಹಿಡಿಯುತ್ತಿತ್ತು. ಮಗುವಿಗೆ ಹಾಲು ಸಾಲದೆ ಅದು ಅಳುತ್ತಲೇ ಇರುತ್ತಿತ್ತು. ಅರಿಷ್ಟವನ್ನು ಊಟವಾದ ಮೇಲೆ, ಅಷ್ಟೇ ನೀರು ಸೇರಿಸಿ, ಸಣ್ಣ ಲೋಟದಲ್ಲಿ ಕೊಡಬೇಕೆಂದು ಅಮ್ಮನಿಗೆ ಹೇಳಿ ಬಾಟಲಿಗಳನ್ನು ಒಳಕೋಣೆಯ ಗೂಡಿನಲ್ಲಿಟ್ಟೆ. ಎಣ್ಣೆ ನೀರು, ಬಾಣಂತಿಯ ಅಡಿಗೆ, ಮಗುವಿನ ಬಟ್ಟೆ, ಹೀಗೆ ದಿನಗಳು ಕಳೆದವು. ಅವಳಿಗೆ ಗುಣವೇನೂ ಕಾಣಲಿಲ್ಲ. ಬಾಟಲಿಗಳು ಮಾತ್ರ ಇಳಿಯಬೇಕಾದುದಕ್ಕಿಂತ ಬೇಗ ಇಳಿಯುತ್ತಿದ್ದವು. ಒಂದು ದಿನ ಇನ್ನೂ ತುಂಬಿದಂತಿದ್ದ ಒಂದರ ಬೂಚು ತೆಗೆದು ನಾಲಿಗೆಗೆ ಹಚ್ಚಿಕೊಂಡೆ. ಅದು ಬೆಲ್ಲದ ನೀರು. ಬಣ್ಣಕ್ಕೆ ಚಹಾದ ಡಿಕಾಕ್ಷನ್ ಬೆರೆಸಿದ್ದರು.

ಆಗ ನಾನು ಮಾಡಿದ್ದು ನೆನೆದರೆ ಈಗಲೂ ತಲೆ ತಗ್ಗುತ್ತದೆ. ನೇರ ಬಾಣಂತಿಯ ಹತ್ತಿರ ಹೋಗಿ, "ನೀ ದಿವಸಕ್ಕೆ ಎಷ್ಟು ಕುಡೀತೆ? ಖರೇ ಹೇಳು" ಎಂದು ಕೇಳಿದೆ. ಖಡಕ್ ಅರಿಷ್ಟದ ರುಚಿ ಅವಳಿಗೇ ಹತ್ತಿರಬೇಕು ಎಂದು ನನ್ನ ತಲೆಗೆ ಹೊಳೆದಿತ್ತು.

ಅವಳು ಮಗುವನ್ನು ತೊಡೆಯ ಮೇಲೆ ಸರಿಮಾಡಿಕೊಂಡು ನನ್ನನ್ನು ನೋಡಿದಳು. "ಕೊಟ್ರೆ ಕುಡೀತೆ ಅತ್ತಿಗೆ" ಎಂದಳು.

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ನನ್ನ ತೋಳು ಹಿಡಿದು ಅಡಿಗೆಮನೆಯೊಳಕ್ಕೆ ಎಳೆದುಕೊಂಡು ಹೋದಳು. "ಅವಳಿಗೆಂತ ಕೇಳ್ತೆ? ಅವ ಕುಡೀತ. ನಿನ್ ತಮ್ಮ. ನೀರು ಬೆರ್ಸಿಟ್ಟದ್ದು ನಾನೇ, ನಿನಗೆ ಗೊತ್ತಾಗುದು ಬೇಡ ಅಂತ. ನೀ ಎಂತದೂ ಹೇಳುಕೆ ಹೋಗ್ಬೇಡ."

"ಎಷ್ಟು ದಿವಸದಿಂದ?"

"ನಿನ್ನ ಔಷಧ ಅಂಗಡಿಗೆ ಬರುಕೆ ಶುರು ಆದಲ್ಲಿಂದ."

ತಮ್ಮ ಸಂಜೆಯಾದರೆ ಅಂಗಡಿಯ ಹತ್ತಿರ ಹೋಗುತ್ತಾನೆಂದು ಗೊತ್ತಿತ್ತು. ಅಂದು ಸೂರ್ಯ ಮುಳುಗುವ ಮೊದಲೇ ನಾನೂ ಹೋದೆ. ಅಂಗಡಿಯ ಹಿಂಬದಿಯಲ್ಲಿ ತೆಂಗಿನ ಗರಿಯ ಮಾಡು ಇಳಿಸಿ ಬೆಂಚು ಹಾಕಿದ್ದರು. ಐದಾರು ಜನ ಕೂತಿದ್ದರು. ನಡುವೆ ಉಪ್ಪು ಹಚ್ಚಿದ ಕಡಲೆ, ಮಾವಿನ ಮಿಡಿ, ಮತ್ತು ನಮ್ಮ ಮನೆಯ ಚೀಟಿ ಅಂಟಿಸಿದ ಬಾಟಲಿಗಳು. ಆ ಚೀಟಿಗಳನ್ನು ಅನ್ನದ ಗಂಜಿಯಿಂದ ಅಂಟಿಸಿದವಳು ನಾನು.

ನನ್ನನ್ನು ನೋಡಿ ತಮ್ಮ ಎದ್ದು ನಿಂತ. ಉಳಿದವರು ಏಳಲಿಲ್ಲ. ಒಬ್ಬ ಕೈಮುಗಿದು ನಕ್ಕ. "ಬನ್ನಿ ಅಕ್ಕೋರೆ. ನಾವೆಲ್ಲ ನಿಮ್ಮ ಬಾಣಂತ್ಯರೇ."

ಎಲ್ಲರೂ ಹೋ ಎಂದು ನಕ್ಕರು. ಆ ಊರಿನಲ್ಲಿ ಈಗ ಕುಡಿಯಲು ಹೋಗುವುದಕ್ಕೆ ಬಾಣಂತನಕ್ಕೆ ಹೋಗುವುದು ಎನ್ನುತ್ತಾರೆಂದು ನನಗೆ ತಿಳಿದದ್ದು ಆಗ. ನೀರಿಗೆಂದು ನಮ್ಮ ಹಿತ್ತಲಿನ ಬಾವಿಗೆ ಬರುತ್ತಿದ್ದ ಹಳೆಯ ಗೆಳತಿಯರು ನಾನು ಕೊಡ ಇಟ್ಟ ಕೂಡಲೇ ಮಾತು ನಿಲ್ಲಿಸುತ್ತಿದ್ದುದು ಯಾಕೆಂದೂ ಆಗಲೇ ಹೊಳೆಯಿತು. ನಾನು ಊರು ಬಿಟ್ಟು ಬಹಳ ವರ್ಷವಾಯಿತು, ಅದಕ್ಕೇ ಸಲಿಗೆ ಕಡಿಮೆಯಾಗಿದೆ ಎಂದುಕೊಂಡಿದ್ದೆ.

ಅಂಗಡಿಯವರು ಹೊರಬಂದರು. ಅವರ ಮುಖದಲ್ಲಿ ಮುಜುಗರವೇನೂ ಇರಲಿಲ್ಲ. "ಕಾಯ್ದೆಗೆ ವಿರುದ್ಧ ಎಂತದೂ ಇಲ್ಲ ಅಕ್ಕ. ಔಷಧವೇ ಅಲ್ದಾ? ನೀವು ಖಡಕ್ ಮಾಡ್ಕೊಟ್ಟಲ್ಲಿಂದ ದೂರದವ್ರೂ ಕೇಳ್ಕಂಡು ಬತ್ರು."

ತಮ್ಮ ನನ್ನ ಜೊತೆ ಮನೆಗೆ ನಡೆದ. ದಾರಿಯಲ್ಲಿ, "ಸಾರಾಯಿ ಕುಡಿದ್ರೆ ಪೊಲೀಸ್ರು ಹಿಡೀತ್ರು. ಅಕ್ಕನ ಔಷಧಕ್ಕೆ ಯಾರು ಎಂತ ಹೇಳುದು?" ಎಂದ. ಅವನ ದನಿಯಲ್ಲಿ ಹೆಮ್ಮೆಯಿತ್ತು. ನನ್ನ ಬಗ್ಗೆ ನಿಜವಾದ ಹೆಮ್ಮೆ. ಬೈಯಲು ಬಾಯಿ ತೆರೆದವಳು ಮುಂದೆ ಹೆಜ್ಜೆ ಹಾಕಿದೆ.

ಕುಮಟೆಗೆ ಮರಳಿದ ಮೇಲೆ ಮಾವನಿಗೆ ವಿಷಯ ಹೇಳಲು ಧೈರ್ಯ ಬರಲಿಲ್ಲ. ಹೊಟ್ಟಿನಲ್ಲಿ ಹುಗಿದ ಜಾಡಿಗಳು ಆಗುತ್ತ ಬಂದಿದ್ದವು. ಅಂಗಡಿಯವರು ಬರುವ ಹೊತ್ತೂ ಹತ್ತಿರವಾಗಿತ್ತು. ಕೊನೆಗೆ ಒಂದು ಮಧ್ಯಾಹ್ನ ಮಾವ ಊಟ ಮಾಡಿ ಜಗಲಿಗೆ ಬಂದಾಗ, ಶಿರಾಲಿಗೆ ಇನ್ನು ಬಾಟಲಿ ಕಳಿಸುವುದು ಬೇಡ ಎಂದೆ. ಯಾಕೆಂದು ಹೇಳಿದೆ.

ಅವರು ಎಲೆಗೆ ಸುಣ್ಣ ಸವರುತ್ತ ಹೇಳಿದರು, "ಔಷಧದ್ದೆಂತ ತಪ್ಪು? ಅಡ್ಡದಾರಿ ಹಿಡಿದವ್ನು ಗಂಧ ತೇಯ್ದು ಕೊಟ್ರೂ ಕುಡೀತ."

"ಆ ಜಾಡಿಗಳನ್ನ ಎಂತ ಮಾಡುದು ಮಾವ? ಕೊಟ್ಟಿಗೆಯಲ್ಲಿದ್ರೆ ಅಂಗಡ್ಯವ್ರು ಬಿಡುದಿಲ್ಲ. ಬಾಯಿ ಬಿಚ್ಚಿ ಹುಳಿ ಬರ್ಸಿಬಿಡ್ತೆ."

"ಮಾಡಿದ ಔಷಧ ಹಾಳು ಮಾಡುಕೆ ನಾ ನಿನಗೆ ಕಲ್ಸಲಿಲ್ಲ."

ಆಗ ನಾನು, ಹೇಳಬಾರದೆಂದುಕೊಂಡಿದ್ದ ಮಾತನ್ನು ಹೇಳಿದೆ. ಕುಡಿಯಲು ಹೋಗುವುದಕ್ಕೆ ಆ ಊರಲ್ಲಿ ಏನೆಂದು ಹೆಸರಿಟ್ಟಿದ್ದಾರೆ ಎಂದು. ಮಾವನ ಕೈಯಲ್ಲಿದ್ದ ಎಲೆ ಹಾಗೇ ನಿಂತಿತು. ಎಷ್ಟೋ ಮನೆಗಳ ಬಾಣಂತಿಯರಿಗೆ ಅವರು ಹಣ ಮುಟ್ಟದೆ ಔಷಧ ಕೊಟ್ಟವರು. ಎದ್ದು ಹಿತ್ತಲಿಗೆ ಹೋಗಿ ಬಾವಿಯ ಕಟ್ಟೆಯ ಮೇಲೆ ಮನೆಗೆ ಬೆನ್ನು ಮಾಡಿ ಕೂತರು. ಬಿಸಿಲು ಇಳಿದ ಮೇಲೆ ಒಳಗೆ ಬಂದು, ನನ್ನ ಮುಖ ನೋಡದೆ, "ಮಣ್ಣು ಒಡಿ" ಎಂದರು.

ಸುರಿದುಬಿಡಬಹುದಿತ್ತು. ಆದರೆ ಅಷ್ಟು ಅರಿಷ್ಟ ಚರಂಡಿಗೆ ಹೋದರೆ ವಾಸನೆ ಕೇರಿಗೆಲ್ಲ ಹಬ್ಬುತ್ತಿತ್ತು. ಅದೂ ಒಂದು ನಾಚಿಕೆ. ಹೊಟ್ಟಿನಿಂದ ಜಾಡಿಗಳನ್ನು ತೆಗೆದು, ಮೆತ್ತಿದ ಮಣ್ಣನ್ನು ಕತ್ತಿಯ ಹಿಂಬದಿಯಿಂದ ತಟ್ಟಿ ಒಡೆದು, ತೆಳು ಬಟ್ಟೆ ಮಾತ್ರ ಕಟ್ಟಿ ಗಾಳಿಯಾಡುವ ಕಡೆ ಇಟ್ಟೆ. ಮೊದಲು ಬಂದದ್ದು ಅದೇ ಚೆಂದದ ವಾಸನೆ. ಆಮೇಲೆ ಮೇಲೆ ಬಿಳಿ ಪೊರೆ ಕಟ್ಟಿತು. ಆಮೇಲೆ ಮೂಗಿಗೆ ಇರಿಯುವ ಹುಳಿ. ದಿನವೂ ಬಗ್ಗಿ ನೋಡುತ್ತಿದ್ದೆ, ಕೆಟ್ಟಿತೇ ಇಲ್ಲವೇ ಎಂದು. ಆ ಹುಳಿನೀರಿನಲ್ಲಿ ತಾಮ್ರದ ಹಂಡೆಗಳನ್ನು ತಿಕ್ಕಿ ತೊಳೆದೆವು. ಅಂಗಡಿಯವರು ಬಂದಾಗ ಮಾವ ಜಗಲಿಯಲ್ಲೇ ನಿಲ್ಲಿಸಿ, "ಇಲ್ಲ" ಎಂದು ಮಾತ್ರ ಹೇಳಿ ಒಳಗೆ ಹೋದರು.

ಬಾಣಂತಿಯರಿಗೇನು ಕೊಡುವುದು ಎಂಬ ಪ್ರಶ್ನೆ ಉಳಿಯಿತು. ಒಂದೇ ಒಂದು ಜಾಡಿ ಅರಿಷ್ಟ ಇಟ್ಟುಕೊಳ್ಳೋಣ, ಬೇಕಾದವರು ನಮ್ಮ ಜಗಲಿಗೆ ಬಂದು ಕುಡಿದು ಹೋಗಲಿ ಎಂದು ಮಾವ ಹೇಳಿದರು. ಯಾರೂ ಬರಲಿಲ್ಲ. ಬಾಣಂತಿ ಹೊಸ್ತಿಲು ದಾಟುತ್ತಾಳೆಯೇ? ನಮಗಿಬ್ಬರಿಗೂ ಅದು ಮೊದಲೇ ಹೊಳೆಯಲಿಲ್ಲ.

ಅದಕ್ಕೇ ಅದೇ ಹತ್ತು ಬೇರಿನ ಕಷಾಯದಿಂದ ಲೇಹ್ಯ ಮಾಡಿದರೆ ಹೇಗೆ ಎಂದು ಕೇಳಿದೆ. ಲೇಹ್ಯ ನೆಕ್ಕಿ ಯಾರಿಗೂ ಅಮಲೇರುವುದಿಲ್ಲ. "ಅರಿಷ್ಟ ಮೈಗೆ ಬೇಗ ಹಿಡೀತದೆ, ಲೇಹ್ಯ ನಿಧಾನ" ಎಂದು ಮಾವ ಗೊಣಗಿದರೂ ಒಲೆ ಹಚ್ಚಲು ಬಿಟ್ಟರು. ಮೊದಲನೆಯದು ಪಾಕ ಏರಿ ಕಲ್ಲಾಯಿತು. ಭರಣಿ ಒಡೆದೇ ತೆಗೆಯಬೇಕಾಯಿತು. ಆ ಹೆದರಿಕೆಯಿಂದ ಎರಡನೆಯದನ್ನು ಬೇಗ ಇಳಿಸಿದೆ. ಮಳೆ ಹಿಡಿದ ಕೂಡಲೇ ಅದಕ್ಕೆ ಬೂಸಲು ಬಂತು. ಅದನ್ನು ಒಯ್ದಿದ್ದ ಮನೆಯೊಂದರಿಂದ ಹೆಂಗಸೊಬ್ಬಳು ತಂದು ಜಗಲಿಯ ಮೇಲಿಟ್ಟು, "ಅರಿಷ್ಟ ಚಲೋ ಇತ್ತು, ಅದೇ ಕೊಡಿ" ಎಂದಳು. ಅರಿಷ್ಟ ಯಾಕೆ ನಿಂತಿತೆಂದು ಹೇಳಲು ಬಾಯಿ ಬರಲಿಲ್ಲ. ಧಾತಕಿ ಹೂವು ಸಿಗುವುದಿಲ್ಲ ಎಂದುಬಿಟ್ಟೆ.

ಕೊನೆಗೆ ಹದ ಸಿಕ್ಕಿತು. ಕಷಾಯವನ್ನು ಮೊದಲೇ ಚೆನ್ನಾಗಿ ಬತ್ತಿಸಿ, ಬೆಲ್ಲ ಹಾಕಿ, ಸಣ್ಣ ಉರಿಯಲ್ಲಿ ಮಗುಚುತ್ತಲೇ ಇದ್ದು, ನೀರಿಗೆ ಬಿಟ್ಟ ಹನಿ ಕರಗದೆ ತಳದಲ್ಲಿ ಕೂತಾಗ ಇಳಿಸಿ, ತುಪ್ಪ, ಶುಂಠಿ, ಹಿಪ್ಪಲಿ ಸೇರಿಸುವುದು. ತಣಿದ ಮೇಲೆ ಜೇನು. ಅದು ಮಳೆಗಾಲ ದಾಟಿತು. ಒಂದು ಭರಣಿ ತಮ್ಮನ ಹೆಂಡತಿಗೂ ಕಳಿಸಿದೆ. ಅಷ್ಟರಲ್ಲಿ ಅವಳ ಬಾಣಂತನ ಮುಗಿದು ಎಷ್ಟೋ ಕಾಲವಾಗಿತ್ತು.

ಇಲ್ಲಿಗೆ ಮುಗಿದಿದ್ದರೆ ಒಳ್ಳೆಯದಿತ್ತು.

ಶಿರಾಲಿಯ ಆ ಬೆಂಚು ಖಾಲಿಯಾಗಲಿಲ್ಲ. ಅರಿಷ್ಟ ನಿಂತ ಮೇಲೆ ಎಲ್ಲಿಂದಲೋ ಪಾಲಿಶಿನ ಸ್ಪಿರಿಟ್ ಬರತೊಡಗಿತು. ಮರಕ್ಕೆ ಹಚ್ಚುವಂಥದ್ದು. ಬಣ್ಣ ಸೇರಿಸಿ ಟಿಂಚರ್ ಎಂದು ಕೊಡುತ್ತಿದ್ದರಂತೆ. ಒಂದು ಬೆಳಿಗ್ಗೆ ತಮ್ಮ ಎದ್ದವನೇ, ಯಾಕೆ ಇನ್ನೂ ಬೆಳಕಾಗಲಿಲ್ಲ ಎಂದು ಕೇಳಿದನಂತೆ. ಅಂಗಳದಲ್ಲಿ ಆಗಲೇ ಬಿಸಿಲು ಬಂದಿತ್ತು. ಭಟ್ಕಳದ ಡಾಕ್ಟರರ ಹತ್ತಿರ ಒಯ್ದರು. ಜೀವ ಉಳಿಯಿತು. ಕಣ್ಣಿನಲ್ಲಿ ನೆರಳಿನಷ್ಟು ಮಾತ್ರ ಉಳಿಯಿತು. ಅವನ ಜೊತೆ ಕುಡಿದಿದ್ದವನೊಬ್ಬ, ನನಗೆ ಕೈಮುಗಿದು ನಕ್ಕಿದ್ದವನೇ, ಎರಡನೆಯ ದಿನ ತೀರಿಕೊಂಡ.

ನಾನು ಶಿರಾಲಿಗೆ ಹೋದಾಗ ತಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ನನ್ನ ಕಾಲ ಸದ್ದಿಗೇ ಗುರುತು ಹಿಡಿದು, "ಅಕ್ಕ ಬಂದ್ಯಾ?" ಎಂದ. ಅಮ್ಮ ಒಳಗಿನಿಂದಲೇ ಹೇಳಿದಳು, "ನಿನ್ನ ಔಷಧ ಕುಡೀತಿದ್ದಾಗ ಅವನಿಗೆ ಎಂತದೂ ಆಗಿರಲಿಲ್ಲ." ಅವಳು ಜಗಳಕ್ಕೆಂದು ಹೇಳಲಿಲ್ಲ. ಇದ್ದದ್ದನ್ನೇ ಹೇಳಿದಳು. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಲಾರದೆ ಅಂಗಳದಲ್ಲೇ ನಿಂತೆ.

ಕುಮಟೆಯಿಂದ ಬರುವಾಗ ದಾರಿಯುದ್ದಕ್ಕೂ ಅದನ್ನೇ ಲೆಕ್ಕ ಹಾಕಿದ್ದೆ. ಅರಿಷ್ಟ ಖಡಕ್ ಮಾಡದೇ ಇದ್ದಿದ್ದರೆ ಅವನಿಗೆ ಚಟ ಹತ್ತುತ್ತಿರಲಿಲ್ಲವೋ ಏನೋ. ಮಾಡಿದ ಮೇಲೆ ನಿಲ್ಲಿಸದೇ ಇದ್ದಿದ್ದರೆ ಕಣ್ಣು ಉಳಿಯುತ್ತಿತ್ತೋ ಏನೋ. ಮಾಡಿದ್ದಕ್ಕೆ ನಾಚಬೇಕೋ ನಿಲ್ಲಿಸಿದ್ದಕ್ಕೋ ತಿಳಿಯಲಿಲ್ಲ. ಎರಡಕ್ಕೂ ನಾಚಿದೆ.

ಹಿತ್ತಲಿನ ಬಾವಿಯ ಹತ್ತಿರ ತಮ್ಮನ ಹೆಂಡತಿ ನೀರು ಸೇದುತ್ತಿದ್ದಳು. ಈಗ ಗದ್ದೆಯ ಕೆಲಸವೂ ಅವಳದೇ. ಅವಳ ಹತ್ತಿರ ಹೋಗಿ, ಯಾರ ಎದುರೂ ಆಡದ ಮಾತನ್ನು ಆಡಿದೆ. "ನಾ ಔಷಧ ನಿಲ್ಸಬಾರದಾಗಿತ್ತು. ನಿಲ್ಸದೇ ಇದ್ರೆ ಇವನಿಗೆ ಹೀಗೆ ಆಗ್ತಿರಲಿಲ್ಲ."

ಅವಳು ಹಗ್ಗ ಎಳೆಯುವುದನ್ನು ನಿಲ್ಲಿಸಲಿಲ್ಲ. ಕೊಡ ಮೇಲೆ ಬಂದ ಮೇಲೆ ಕಟ್ಟೆಯ ಮೇಲಿಟ್ಟು ಹೇಳಿದಳು.

"ಎಲ್ಲರೂ ಅದನ್ನೇ ಹೇಳುದು ಅತ್ತಿಗೆ. ಔಷಧ ಇದ್ರೆ ಅವ್ರಿಗೆ ಕಣ್ಣು ಇರ್ತಿತ್ತು ಅಂತ. ಆ ಔಷಧ ಯಾರಿಗೆ ಅಂತ ಮಾಡಿದ್ದು? ನಂಗೆ ಒಂದು ಲೋಟ ಸಿಕ್ಕಿತ್ತಾ ಅಂತ ಈವರೆಗೆ ಯಾರೂ ಕೇಳಲಿಲ್ಲ. ನೀವು ಕೇಳಿದ್ದೂ ಎಷ್ಟು ಕುಡೀತೆ ಅಂತಲೇ."

ಅವಳು ಕೊಡವನ್ನು ಸೊಂಟಕ್ಕೆ ಏರಿಸುವಾಗ ನೋವಿನಿಂದ ಒಂದು ಕ್ಷಣ ಉಸಿರು ಹಿಡಿದಳು. ನಾನು ಕೊಡಕ್ಕೆ ಕೈ ಚಾಚಿದೆ.

"ಬೇಡ, ಬಿಡಿ" ಎಂದು ನನ್ನನ್ನು ದಾಟಿಕೊಂಡು ಒಳಗೆ ಹೋದಳು.